ದೋಣಿಯ ಈಶಾನ್ಯ ಮೂಲೆ

ದೋಣಿ ಬಂದದ್ದು ಟ್ರಾಕ್ಟರಿನ ಟ್ರೇಲರಿನಲ್ಲಿ, ಬೋರಲಾಗಿ. ದಾರಿಯಲ್ಲಿ ಪಾಂಡವಪುರದ ಯಾರಿಗೋ ಹುಲ್ಲು ಇಳಿಸಿ ಬಂದಿದ್ದರಿಂದ ಅದರ ತಳದ ಡಾಂಬರಿಗೆಲ್ಲ ಹುಲ್ಲಿನ ಎಸಳು ಮೆತ್ತಿಕೊಂಡಿತ್ತು. ದೋಣಿಯ ಒಡತಿ ಅದರ ಪಕ್ಕದಲ್ಲೇ ಕೂತು, ಕೆ.ಆರ್. ಪೇಟೆ ಕಡೆಯ ತಮ್ಮ ಊರಿಂದ ಶ್ರೀರಂಗಪಟ್ಟಣದ ಹೊರಗಿರುವ ನನ್ನ ಷೆಡ್ಡಿನವರೆಗೆ ಅದನ್ನು ಹಿಡಿದುಕೊಂಡು ಬಂದಿದ್ದರು. ಇಳಿದವರೇ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು:

"ಅಣ್ಣ, ನೀರು ಸೇತ್ವೆ ಮುಟ್ಟೋದ್ರೊಳಗೆ ಕೊಡ್ಬೇಕು. ಆಮ್ಯಾಕೆ ಕೊಟ್ರೆ ನಂಗೆ ಬ್ಯಾಡ, ನೀವೇ ಮಡೀಕಂಡು ದನಕ್ಕೆ ನೀರು ಕುಡ್ಸಿ."

ಅವರ ಊರು ಕೆ.ಆರ್.ಎಸ್. ಹಿನ್ನೀರಿನ ಅಂಚಿನಲ್ಲಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಳೆಯ ರಸ್ತೆ, ಹಳೆಯ ಕಿರುಸೇತುವೆ ಎರಡೂ ಹೊರಬರುತ್ತವೆ. ಆಚೆ ದಡದ ಹೊಲಗಳಿಗೆ ಜನ ನಡೆದೇ ಹೋಗುತ್ತಾರೆ. ಮಳೆಗಾಲದಲ್ಲಿ ಅಣೆಕಟ್ಟೆ ತುಂಬುತ್ತ ಬಂದಂತೆ ಸೇತುವೆ ಮುಳುಗುತ್ತದೆ. ಆಗ ದೋಣಿಯೇ ದಾರಿ. ಆ ಕಡವಿನಲ್ಲಿ ಜನರನ್ನು ದಾಟಿಸುವ ಕೆಲಸ ಒಡತಿಯ ಮಾವನ ಕಾಲದಿಂದಲೂ ಅವರ ಮನೆಯದು. ಈ ಸಲ ಊರಿನ ಹಿರಿಯರು ಕರಾರು ಹಾಕಿದ್ದರು: ಸೇತುವೆ ಮುಳುಗಿದ ದಿನ ದೋಣಿ ನೀರಿನಲ್ಲಿ ಇರದಿದ್ದರೆ ಕೆಳಗಿನ ಊರಿನ ದೋಣಿಯವನನ್ನು ಕರೆಸುತ್ತೇವೆ. ಅವನು ಒಂದು ಸಲ ಕಾಲಿಟ್ಟರೆ ಕಡವು ಅವನದೇ ಆಗುತ್ತದೆ ಎಂಬುದು ಒಡತಿಗೂ ಗೊತ್ತಿತ್ತು, ಹಿರಿಯರಿಗೂ ಗೊತ್ತಿತ್ತು.

ನಾನು ಮಾಡುವುದು ಫೈಬರ್ ಕೆಲಸ. ನೀರಿನ ತೊಟ್ಟಿ, ಬಚ್ಚಲ ಬಾಗಿಲು, ಕೊಟ್ಟಿಗೆಗೆ ಹೊದಿಸುವ ಹಾಳೆ. ದೋಣಿ ಅಪರೂಪ. ಇದಕ್ಕೆ ಮೊದಲು ಪತ್ರಿಕೆಯೊಂದಕ್ಕೆ ಈ ಸುತ್ತಿನ ತಾಲ್ಲೂಕುಗಳ ಸುದ್ದಿ ಬರೆಯುತ್ತಿದ್ದೆ. ಕಂಡದ್ದು ಬೇರೆ, ಕೇಳಿದ್ದು ಬೇರೆ, ಅಂದುಕೊಂಡದ್ದು ಬೇರೆ ಎಂದು ವಿಂಗಡಿಸುವ ಅಭ್ಯಾಸ ಅಲ್ಲಿಂದ ಬಂದದ್ದು. ಈ ದೋಣಿಯ ವಿಷಯದಲ್ಲಿ ಆ ಅಭ್ಯಾಸ ಎಷ್ಟು ನೆರವಾಯಿತು, ಎಷ್ಟು ಅಡ್ಡ ಬಂತು ಎಂಬುದು ನನಗೆ ಈಗಲೂ ಸ್ಪಷ್ಟವಿಲ್ಲ.

ಅದು ಹರಿಗೋಲಲ್ಲ, ಮೂತಿ ಚೂಪಾದ ದೋಣಿಯೂ ಅಲ್ಲ. ಚಪ್ಪಟೆ ತಳ, ಎರಡು ತುದಿಯೂ ಚೌಕ. ದೊಡ್ಡದೊಂದು ಮರದ ಮರಿಗೆಯ ಹಾಗೆ. ನಾಲ್ಕು ಮೂಲೆಗೂ ಗಿಡ್ಡ ಕಂಬದಂತೆ ನಿಂತ ಮರದ ಕಟ್ಟು, ಆ ಕಟ್ಟುಗಳಿಗೆ ಹೊಡೆದ ಪ್ಲೈವುಡ್ ಗೋಡೆ. ಎರಡು ತುದಿಗೂ ಏನೂ ವ್ಯತ್ಯಾಸ ಕಾಣಲಿಲ್ಲ.

"ಇದ್ರಲ್ಲಿ ಮುಂದು ಯಾವುದಕ್ಕಾ?" ಎಂದು ಕೇಳಿದೆ.

"ಅತ್ಲಾಗೆ ಓಗುವಾಗ ಅದು ಮುಂದು. ಇತ್ಲಾಗೆ ಬರುವಾಗ ಇದು ಮುಂದು."

ಟ್ರಾಕ್ಟರಿನವನು ನಕ್ಕ. ನಾನೂ ನಕ್ಕೆ. ತಮಾಷೆ ಎಂದುಕೊಂಡು ಮುಂದಿನ ಕೆಲಸಕ್ಕೆ ಹೋದೆ.

ಮರದ ಮೇಲೆ ಫೈಬರ್ ಹೊದಿಸುವ ಕೆಲಸದಲ್ಲಿ ಹೊದಿಸುವುದು ಕೊನೆಯ ಪಾಲು. ಮುಕ್ಕಾಲು ಕೆಲಸ ಅದಕ್ಕೆ ಮೊದಲೇ ಇರುತ್ತದೆ. ಡಾಂಬರು ಕೆರೆಯಬೇಕು. ಕೆರೆದ ಮೇಲೂ ಮರದ ರಂಧ್ರದಲ್ಲಿ ಉಳಿದದ್ದನ್ನು ಗ್ರೈಂಡರಿನಿಂದ ಉಜ್ಜಿ, ಹೊಸ ಮರದ ಬಣ್ಣ ಬರುವವರೆಗೆ ತೆಗೆಯಬೇಕು. ಹಗ್ಗ ಕಟ್ಟುವ ಕಬ್ಬಿಣದ ಬಳೆ, ಕೊಂಡಿ, ಮೊಳೆ ಎಲ್ಲ ಬಿಚ್ಚಬೇಕು. ಆಮೇಲೆ ಒಣಗಲು ಬಿಡಬೇಕು. ಆಷಾಢದ ಗಾಳಿಯಲ್ಲಿ ಅದೇ ಕಷ್ಟ. ಷೆಡ್ಡಿನ ಎರಡು ಬಾಗಿಲು ತೆರೆದು, ಒಳಗೆ ಹಳೆಯ ಬಲ್ಬುಗಳನ್ನು ಇಳಿಬಿಟ್ಟು ಕಾದೆ.

ಕೊಳೆತ ಮರ ಬದಲಿಸಲು ನಾಗಮಂಗಲ ಕಡೆಯ ಆಚಾರಿಯೊಬ್ಬರನ್ನು ಕರೆಸಿದೆ. ನನಗಿಂತ ಹಿರಿಯರು. ಬಾಗಿಲು, ಕಿಟಕಿ, ತೊಟ್ಟಿಲು ಮಾಡಿದ ಕೈ; ದೋಣಿ ಅವರಿಗೂ ಹೊಸತು. ಉಳಿಯ ತುದಿಯಿಂದ ಒಂದೊಂದು ಮೂಲೆಯನ್ನೂ ಚುಚ್ಚಿ ನೋಡುತ್ತ ಬಂದರು. ಮೂರು ಮೂಲೆಯಲ್ಲಿ ಉಳಿ ನಿಂತಿತು. ನಾಲ್ಕನೆಯದರಲ್ಲಿ ಮುದ್ದೆಗೆ ಬೆರಳು ಹೋದ ಹಾಗೆ ಹೋಯಿತು.

"ಇದು ಮರ ಅಲ್ಲ ಕಣಪ್ಪ, ಇಟ್ಟು," ಎಂದರು. "ಸಾರು ತತ್ತೀಯಾ, ಉಂಡುಬುಡನ."

ಆ ಮೂಲೆಯ ಕಟ್ಟನ್ನು ಪೂರ್ತಿ ತೆಗೆದು ಹೊನ್ನೆ ಮರದ ಹೊಸ ಕಟ್ಟು ಕೂರಿಸಿದರು. ಕೂರಿಸಿದ್ದು ಚೆನ್ನಾಗಿಯೇ ಇತ್ತು. ಅಂಚು ಎಷ್ಟು ಚೂಪಾಗಿತ್ತೆಂದರೆ ಅದರ ಮೇಲೆ ಬೆರಳಾಡಿಸಿ ತಾವೇ ಮೆಚ್ಚಿಕೊಂಡರು.

ಬಾಗಿಲಿಗೆ ಅಂಥ ಅಂಚು ಚಂದ. ಫೈಬರಿಗೆ ಅದೇ ಶತ್ರು. ನಾವು ಮ್ಯಾಟ್ ಎನ್ನುವ ಗಾಜಿನ ನೂಲಿನ ಹಾಸು ಬಟ್ಟೆಯಂತೆ ಕಂಡರೂ ಬಟ್ಟೆಯಲ್ಲ. ಒಳಗಿನ ಎಳೆಗಳು ಸೆಟೆದಿರುತ್ತವೆ. ಚೂಪು ಅಂಚಿನ ಮೇಲೆ ಮಡಿಸಿದರೆ ನೆಟ್ಟಗಾಗಲು ನೋಡುತ್ತವೆ, ಮರದಿಂದ ಏಳುತ್ತವೆ, ಎದ್ದ ಜಾಗಕ್ಕೆ ಗಾಳಿ ಹೋಗುತ್ತದೆ. ಆ ಗಾಳಿಯ ಜಾಗದಲ್ಲಿ ಮುಂದೆ ನೀರು ಕೂರುತ್ತದೆ. ಆದ್ದರಿಂದ ಹೊರಮೂಲೆಯನ್ನು ಹೆಬ್ಬೆರಳಿನ ತುದಿಯಷ್ಟಾದರೂ ದುಂಡು ಮಾಡಬೇಕು. ಒಳಮೂಲೆಗೆ ಇದರ ತಿರುಗು ಮುರುಗು: ಅಂಟಿನ ಹಾಗೆ ಹಿಡಿದು ಗಟ್ಟಿಯಾಗುವ ರೆಸಿನ್ನಿಗೆ ಮರದ ಪುಡಿ ಕಲಸಿ ಪುಟ್ಟಿ ಮಾಡಿ, ಸಂದಿಗೆ ತುಂಬಿ, ಚಮಚದ ಬೆನ್ನಿನಿಂದ ಎಳೆದು ಇಳಿಜಾರು ಮಾಡಬೇಕು. ಒಳಗಾಗಲಿ ಹೊರಗಾಗಲಿ, ಹಾಸು ಎಲ್ಲೂ ಥಟ್ಟನೆ ತಿರುಗಬಾರದು.

ಒಳಮೂಲೆಗಳನ್ನು ಮುಗಿಸಿದೆ. ಹೊರಗೆ ಮೂರು ಮೂಲೆಗೆ ಕೀಸುಳಿ ಹಾಕಿ, ಮರಳು ಕಾಗದದಿಂದ ಉಜ್ಜಿ ದುಂಡು ಮಾಡಿದೆ. ಹೊಸ ಕಟ್ಟಿನ ಮೂಲೆಗೆ ಕೈ ಹಾಕುವಾಗ ಒಡತಿ ಬಂದರು. ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಸ್ಸಿನಲ್ಲಿ ಬಂದಿದ್ದರು.

"ಅಣ್ಣ, ಏನ್ ಮಾಡ್ತಿದ್ದೀರಿ? ಮೂಲೆ ಯಾಕೆ ಕೀಸ್ತಿದ್ದೀರಿ?"

ಹೇಳಿದೆ. ಅವರು ಬೋರಲಾಗಿದ್ದ ದೋಣಿಯ ಸುತ್ತ ಒಂದು ಸುತ್ತು ಬಂದರು. ಇನ್ನೊಂದು ಸುತ್ತು ಬಂದರು. ಬಳೆ ಕೊಂಡಿಗಳನ್ನು ನಾನು ಬಿಚ್ಚಿಟ್ಟಿದ್ದರಿಂದ ತಮ್ಮ ದೋಣಿಯೇ ಅವರಿಗೆ ಗುರುತು ಹತ್ತುತ್ತಿರಲಿಲ್ಲ.

"ಜಾಸ್ತಿ ಕೊಳೆತಿದ್ದ ಮೂಲೆ ಯಾವುದು?"

ಆಚಾರಿ ಹೊಸ ಕಟ್ಟಿನ ಮೇಲೆ ಕೈಯಿಟ್ಟು ತೋರಿಸಿದರು.

"ಸದ್ಯ, ಅದ ಮುಟ್ನಿಲ್ಲ ನೀವು. ಅದನ್ನ ಕೀಸ್ಬ್ಯಾಡಿ. ಅದು ಈಶಾನ್ಯ."

ಕೀಸುಳಿ ಕೆಳಗಿಟ್ಟೆ. ಮನೆ ಕಟ್ಟುವವರು ಈಶಾನ್ಯದ ಮೂಲೆ ಕತ್ತರಿಸಬಾರದು ಎನ್ನುವುದನ್ನು ಕೇಳಿದ್ದೇನೆ. ನಿವೇಶನದ ಆ ಮೂಲೆ ತುಂಡಾಗಿದೆ ಎಂದು ಖರೀದಿ ಕೈಬಿಟ್ಟವರನ್ನೂ ಬಲ್ಲೆ. ದೋಣಿಗೆ ಕೇಳಿದ್ದು ಅದೇ ಮೊದಲು.

"ಅಕ್ಕಾ, ಮನೆ ನಿಂತಲ್ಲಿ ನಿಂತಿರ್ತದೆ. ದೋಣಿ ತಿರುಗ್ತದೆ. ಅದಕ್ಕೆ ಈಶಾನ್ಯ ಎಲ್ಲಿಂದ ಬಂತು?"

"ನಮ್ಮಾವ ಏಳಿದ್ದು. ಆ ಮೂಲೆ ಕತ್ತರ್ಸಬ್ಯಾಡಿ ಅಂತ. ನಮ್ಮೆಜಮಾನ್ರು ಒಂದು ಸಲ ಸೀಳು ಬಂದದೆ ಅಂತ ಗರಗಸ ಆಕ್ಬುಟ್ರು. ಆ ವರ್ಸನೇ ರಾಗಿ ಮೂಟೆ ಎಲ್ಲ ನೀರಿಗೋದ್ವು. ಜನ ಉಳ್ಕಂಡಿದ್ದು ದೊಡ್ಡದು. ಅವತ್ತಿಂದ ಅವ್ರು ಹುಟ್ಟು ಮುಟ್ಟಿಲ್ಲ. ಹಸ ಕಟ್ಕಂಡವ್ರೆ. ನಾನೇ ಎಳೀತಿರೋದು."

ಆಚಾರಿ ಆ ಹೊತ್ತಿಗೆ ಷೆಡ್ಡಿನ ಬಾಗಿಲಿಗೆ ಹೋಗಿ ಸೂರ್ಯ ಎಲ್ಲಿದ್ದಾನೆಂದು ನೋಡಿ ಬಂದರು. "ಈಗ ಇದು ನೈಋತ್ಯದಲ್ಲಿ ಅದೆ ಕಣವ್ವ. ಮಗ್ಚಿ ಆಕಿದ್ರೆ ಇನ್ನೆಲ್ಲಿಗೋಯ್ತದೋ," ಎಂದರು. ಅವರು ಗೇಲಿ ಮಾಡುತ್ತಿದ್ದರೋ ನಿಜಕ್ಕೂ ಲೆಕ್ಕ ಹಾಕುತ್ತಿದ್ದರೋ ತಿಳಿಯಲಿಲ್ಲ. ಒಡತಿ ನಗಲಿಲ್ಲ.

ಅವರ ದೋಣಿ, ಅವರ ಮಾತು. ಮೂಲೆಯನ್ನು ಹಾಗೆಯೇ ಬಿಟ್ಟೆ. ಚೂಪು ಅಂಚಿನ ಮೇಲೂ ಜಾಣತನದಿಂದ ಹಾಸು ಕೂರಿಸಬಹುದು ಎಂಬ ಭರವಸೆ ನನಗಿತ್ತು. ತೆಳು ಮಾಡಿದ ರೆಸಿನ್ನನ್ನು ಮೊದಲು ಮರಕ್ಕೆ ಕುಡಿಸಿದೆ. ಅದು ಅಂಟಂಟಾಗಿರುವಾಗಲೇ ಹಾಸಿಟ್ಟು, ಬೇಗ ಬಿಗಿಯಲೆಂದು ಹಾರ್ಡನರ್ ಬೆರೆಸಿದ ರೆಸಿನ್ನನ್ನು ಬ್ರಷ್ಷಿನಿಂದ ಕುಟ್ಟಿ ಕುಟ್ಟಿ ಇಳಿಸಿ, ಹಲ್ಲಿನ ರೋಲರು ಓಡಿಸಿ ಗಾಳಿ ಬಿಡಿಸಿದೆ. ಸಂಜೆ ನಾಲ್ಕು ಮೂಲೆಯೂ ಒಂದೇ ಥರ ಕಾಣುತ್ತಿದ್ದವು. ಬೆಳಿಗ್ಗೆ ಬಂದು ನೋಡಿದರೆ ಈಶಾನ್ಯ ಎನ್ನಿಸಿಕೊಂಡ ಮೂಲೆಯ ಅಂಚಿನುದ್ದಕ್ಕೂ ಬೆಳ್ಳಗೆ ಒಂದು ಗೆರೆ. ನಾಣ್ಯದಿಂದ ತಟ್ಟಿದೆ. ಬೇರೆ ಮೂಲೆಗಳಲ್ಲಿ ಗಟ್ಟಿ ಸದ್ದು. ಇಲ್ಲಿ ಬಲಿಯದ ತೆಂಗಿನಕಾಯಿ ತಟ್ಟಿದ ಹಾಗೆ.

ಕತ್ತರಿಸಿ ತೆಗೆದೆ. ಮತ್ತೆ ಉಜ್ಜಿದೆ. ಈ ಸಲ ಹಾಸನ್ನು ಕತ್ತರಿಯಿಂದ ಕತ್ತರಿಸದೆ ಕೈಯಲ್ಲಿ ಹರಿದು, ಅಗಲ ಕಡಿಮೆಯ ಪಟ್ಟಿ ಮಾಡಿ, ಒಂದರ ಮೇಲೊಂದು ಅಡ್ಡಡ್ಡ ಹಾಕಿದೆ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಲಗೆಯಿಟ್ಟು, ಮರಳು ಚೀಲ ಒರಗಿಸಿದೆ. ಚೀಲ ತೆಗೆದಾಗ ಚೆನ್ನಾಗಿತ್ತು. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಗೆರೆ ಮತ್ತೆ ಎದ್ದಿತ್ತು, ಈ ಸಲ ಕೆಳಗಿನ ಅರ್ಧದಲ್ಲಿ ಮಾತ್ರ.

ಅಲ್ಲಿಂದ ನನ್ನ ಗೊಂದಲ ಶುರುವಾಯಿತು. ಅಂಚು ಚೂಪಾಗಿರುವುದೇ ಕಾರಣವಾದರೆ ಮೇಲಿನ ಅರ್ಧ ಯಾಕೆ ಹಿಡಿಯಿತು? ಮೈಸೂರಿನಲ್ಲಿ ರೆಸಿನ್ ಮಾರುವವರಿಗೆ ಫೋನು ಮಾಡಿದೆ. ಅವರು ಒಂದೇ ಉಸಿರಿನಲ್ಲಿ ಮರ ಹಸಿ ಇರಬಹುದು ಎಂದರು, ಹಾರ್ಡನರ್ ಹೆಚ್ಚಾಗಿ ಬೇಗ ಬಿಗಿದಿರಬಹುದು ಎಂದರು, ಗಾಳಿಯಲ್ಲಿ ತೇವ ಇರಬಹುದು ಎಂದರು. ಮೂರೂ ಇರಬಹುದಾದವೇ. ಆದರೆ ಹಾರ್ಡನರೂ ಗಾಳಿಯೂ ನಾಲ್ಕು ಮೂಲೆಗೂ ಒಂದೇ. ಉಳಿದದ್ದು ಮರ. ಹೊಸ ಮರ ಇದ್ದದ್ದು ಆ ಮೂಲೆಯಲ್ಲಿ ಮಾತ್ರ. ಚೂಪು ಅಂಚು ಇದ್ದದ್ದೂ ಆ ಮೂಲೆಯಲ್ಲಿ ಮಾತ್ರ. ಎರಡು ಬದಲಾವಣೆ ಒಂದೇ ಕಡೆ ಕೂತುಬಿಟ್ಟರೆ ತಪ್ಪು ಯಾವುದರದ್ದೆಂದು ಹೇಳುವುದು ಹೇಗೆ?

ಮರದ ಮಾತೆತ್ತಿದ್ದಕ್ಕೆ ಆಚಾರಿ ಸಿಟ್ಟಾದರು.

"ನನ್ನ ಮರ ಹಸಿನಾ? ನಿಮ್ಮ ತಾತ ಚಡ್ಡಿ ಆಕ್ಕಂಡು ಓಡಾಡ್ವಾಗ ಕೊಯ್ದಿದ್ದು ಕಣಪ್ಪ ಇದು. ಒಲೆಗಾಕು, ಹೊಗೆ ಬಂದ್ರೆ ಕೇಳು."

"ಮಳೆಗಾಲ ಅಲ್ವಾ ಆಚಾರ್ರೇ, ತೇವ ಎಳ್ಕಂಡಿರ್ಬೋದು."

"ಅಂಗಾದ್ರೆ ನಾನೂ ಎಳ್ಕಂಡಿವ್ನಿ. ನನ್ನೂ ಬಲ್ಬು ಕೆಳ್ಗೆ ಮಲಗ್ಸು."

ಕೊನೆಗೆ ಅದೇ ಮರದ ಎರಡು ತುಂಡು ಕೊಡಿ ಎಂದು ಕೇಳಿದೆ. ಒಂದರ ಅಂಚನ್ನು ದುಂಡು ಮಾಡಿದೆ, ಇನ್ನೊಂದನ್ನು ಅವರು ಬಿಟ್ಟ ಹಾಗೆಯೇ ಬಿಟ್ಟೆ. ಒಂದೇ ಡಬ್ಬಿಯಲ್ಲಿ ಕಲಸಿದ ರೆಸಿನ್, ಒಂದೇ ಹಾಳೆಯಿಂದ ಹರಿದ ಹಾಸು, ಅಕ್ಕಪಕ್ಕದಲ್ಲೇ ಇಟ್ಟು ಹಚ್ಚಿದೆ. ಗಟ್ಟಿಯಾದ ಮೇಲೆ ನೋಡಿದರೆ ದುಂಡು ತುಂಡಿನಲ್ಲಿ ಹಾಸು ಹಿಡಿದಿತ್ತು, ಚೂಪಿನದರಲ್ಲಿ ಬಿಳಿ ಗೆರೆ ಎದ್ದಿತ್ತು. ಮರ ನಿರಪರಾಧಿ. ಆಚಾರಿ ಎರಡನ್ನೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ದುಂಡು ತುಂಡನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಆದರೆ ಆ ದುಂಡು ತುಂಡಿನಲ್ಲೂ ಒಂದು ತುದಿಗೆ ಚಿಕ್ಕ ಗುಳ್ಳೆ ಇತ್ತು. ಅದು ಯಾಕೆ ಬಂತೆಂದು ನನಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಊರಿಂದ ಫೋನು ಬರತೊಡಗಿತು. ನೀರು ಹಳೆಯ ರಸ್ತೆಯ ಹುಣಸೆಮರದ ಬುಡಕ್ಕೆ ಬಂದಿದೆ. ನೀರು ಸೇತುವೆಯ ಕಮಾನಿನೊಳಗೆ ಹೊಕ್ಕಿದೆ. ಒಂದು ದಿನ ಒಡತಿ ಬೇರೆ ದನಿಯಲ್ಲಿ ಮಾತಾಡಿದರು: "ಕೆಳಗಿನೂರಿನವನ ದೋಣಿ ಬಂದು ನಿಂತದೆ ಅಣ್ಣ. ಇನ್ನೂ ಯಾರ್ನೂ ಅತ್ತುಸ್ಕಂಡಿಲ್ಲ. ಸುಮ್ನೆ ಕಟ್ಟವ್ನೆ. ನಮ್ಮ ಮನೆ ಬಾಗಿಲಿಗೆ ಕಾಣೋ ಅಂಗೇ ಕಟ್ಟವ್ನೆ."

ಬನ್ನಿ ಎಂದೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದರು. ಎರಡು ತುಂಡುಗಳ ಕತೆ ಹೇಳಿ, ಉಳಿದ ಚೂಪು ತುಂಡನ್ನು ತೋರಿಸಿದೆ. ಬಿಳಿ ಗೆರೆಗೆ ಉಗುರು ಹಾಕಿ ನೋಡಿದರು. ಹಾಸು ಸಿಪ್ಪೆಯ ಹಾಗೆ ಎದ್ದು ಬಂತು.

"ಅಕ್ಕಾ, ಎರಡೇ ದಾರಿ. ಅಂಚು ದುಂಡು ಮಾಡಕ್ಕೆ ಬಿಡಿ. ಇಲ್ಲ ಅಂದ್ರೆ ಆ ಮೂಲೆಗೆ ಫೈಬರ್ ಬೇಡ, ಡಾಂಬರೇ ಹಚ್ಕೊಡ್ತೀನಿ. ಒಂದು ಮಳೆಗಾಲ ತಡೀತದೆ."

"ಡಾಂಬರು ಆಗಿದ್ರೆ ನಾನೇ ಅಚ್ಕತ್ತಿದ್ನಲ್ಲ, ಇಲ್ಲಿಗ್ಯಾಕೆ ಒತ್ಕಂಡು ಬತ್ತಿದ್ದೆ?"

"ಹಾಗಾದ್ರೆ ದುಂಡು ಮಾಡ್ತೀನಿ."

"ಆಗಕ್ಕಿಲ್ಲ."

ಅವರ ದನಿಯಲ್ಲಿ ಹಠ ಇರಲಿಲ್ಲ, ಹೆದರಿಕೆ ಇತ್ತು. ಕಡವು ಹೋದರೂ ಸರಿ ಎನ್ನುವಂತೆ ನಿಂತಿದ್ದರು. ಕಡವು ಹೋದರೆ ಏನಾಗುತ್ತದೆಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒಬ್ಬರು ಹೀಗೆ ನಿಲ್ಲುವುದು ನನಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ತಪ್ಪು ಎಂದು ಹೇಳಲೂ ಬಾಯಿ ಬರಲಿಲ್ಲ.

ಆಚಾರಿ ಬೀಡಿ ಹೊರಗೆ ಎಸೆದು ಒಳಗೆ ಬಂದರು.

"ಅವ್ವಾ, ಮನೇಲಿ ನೀರಿನ ಸಂಪು ಎಲ್ಲಿ ಕಟ್ತಾರೆ?"

"ಈಶಾನ್ಯದಲ್ಲಿ."

"ನಿನ್ನ ದೋಣೀಲಿ ನೀರು ಎಲ್ಲಿ ತುಂಬ್ಕತಿತ್ತು?"

"ಅದೇ ಮೂಲೇಲಿ."

"ಮತ್ತೆ? ವಾಸ್ತು ಸರಿಯಾಗೇ ಇತ್ತಲ್ಲ! ಸುಮ್ನೆ ರಿಪೇರಿಗೆ ತಂದ್ಬುಟ್ಟಿದ್ದೀಯ."

ಒಡತಿ ಆ ಬೆಳಿಗ್ಗೆ ಮೊದಲ ಸಲ ನಕ್ಕರು. "ಬುಡಿ ಆಚಾರ್ರೇ, ನಿಮ್ಗೆ ತಮಾಸೆ."

"ಕತ್ತರ್ಸಬಾರ್ದು ಅಂತ ತಾನೆ ನಿಮ್ಮಾವ ಏಳಿದ್ದು? ಬೆಳ್ಸಬಾರ್ದು ಅಂತ ಏಳ್ನಿಲ್ವಲ್ಲ. ಮನೆಗೆ ಈಶಾನ್ಯ ಬೆಳೆದ್ರೆ ಒಳ್ಳೇದು ಅಂತಾರೆ. ದೋಣಿಗೂ ಒಂದು ಬಾಲ್ಕನಿ ಕಟ್ಸು."

ಅವರು ಗೇಲಿಯ ದನಿಯಲ್ಲೇ ಹೇಳಿದರು. ಹೇಳಿ ಹೊರಗೆ ಹೋದರು ಕೂಡ. ನಾನು ಮಾತ್ರ ಆ ಚೂಪು ತುಂಡನ್ನು ಕೈಯಲ್ಲಿ ಹಿಡಿದು ನಿಂತೆ. ಅಂಚನ್ನು ಕೀಸದೆ ದುಂಡು ಪಡೆಯಬೇಕಾದರೆ ಅಂಚಿನ ಮೇಲೆ ಮರ ಸೇರಿಸಬೇಕು. ಸೇರಿಸಿದ ಮರವನ್ನು ದುಂಡು ಮಾಡಬೇಕು. ಹಳೆಯ ಮೂಲೆ ಒಳಗೆ ಹಾಗೆಯೇ ಇರುತ್ತದೆ.

ಇದರಲ್ಲಿ ನನಗೆ ಇಷ್ಟವಾಗದ್ದು ಬಹಳ ಇತ್ತು. ಇನ್ನೊಂದು ಕೂಡುಗೆ ಎಂದರೆ ನೀರು ನುಗ್ಗಲು ಇನ್ನೊಂದು ದಾರಿ. ಫೈಬರಿನ ಕೆಳಗೆ ಮರ ಮರ ಸೇರುವ ಕಡೆ ಟೊಳ್ಳು ಉಳಿದರೆ ಹೊರಗಿಂದ ಯಾರಿಗೂ ಕಾಣುವುದಿಲ್ಲ. ಮೂಲೆ ಭಾರವಾಗುತ್ತದೆ. ದೋಣಿ ಒಂದು ಕಡೆ ವಾಲಬಹುದು. ಇದನ್ನೆಲ್ಲ ಒಡತಿಗೆ ಒಂದೊಂದಾಗಿ ಹೇಳಿದೆ. ಅವರು ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು:

"ಒಳಗೆ ಆ ಮೂಲೆ ಅಂಗೇ ಇರ್ತದಾ?"

"ಇರ್ತದೆ."

"ಅಂಗಾದ್ರೆ ಮಾಡಿ."

ನಾನು ಒಪ್ಪಿದ್ದು ಸರಿಯಾದ ಕೆಲಸ ಎಂಬ ನಂಬಿಕೆಯಿಂದಲ್ಲ. ಬೇರೆ ಯಾವುದಕ್ಕೂ ಅವರು ಒಪ್ಪುವುದಿಲ್ಲ, ನೀರು ಕಾಯುವುದಿಲ್ಲ, ಅದಕ್ಕೆ ಒಪ್ಪಿದೆ.

ಆಚಾರಿಯನ್ನು ಟೀ ಅಂಗಡಿಯಿಂದ ಕರೆದು ತಂದು ವಿಷಯ ಹೇಳಿದಾಗ ಅವರು ಒಂದು ಕ್ಷಣ ನನ್ನ ಮುಖವನ್ನೇ ನೋಡಿದರು. "ನಾನು ತಮಾಸೆಗಲ್ವಾ ಏಳಿದ್ದು?" ಎಂದರು. ಆಮೇಲೆ ಚೀಲ ಬಿಚ್ಚಿದರು. ಹೊನ್ನೆಯ ದಪ್ಪ ತುಂಡೊಂದರ ಒಳಮೈಗೆ ಉದ್ದಕ್ಕೂ ಮೂಲೆಯ ಆಕಾರದ ಕಚ್ಚು ತೆಗೆದು, ಹಳೆಯ ಅಂಚಿನ ಮೇಲೆ ಟೊಪ್ಪಿಗೆಯಂತೆ ಕೂರುವ ಹಾಗೆ ಮಾಡಿದರು. ಕೂರಿಸಿ, ತೆಗೆದು, ಸೀಮೆಸುಣ್ಣ ಹಚ್ಚಿ, ಮತ್ತೆ ಕೂರಿಸಿ, ಸುಣ್ಣ ಹತ್ತಿದಲ್ಲಿ ಸವರಿ, ಎಲ್ಲ ಕಡೆ ಸಮ ಕೂರುವವರೆಗೆ ಬಿಡಲಿಲ್ಲ. ನಾನು ಪುಟ್ಟಿ ಗಟ್ಟಿಯಾಗಿ ಕಲಸಿ ಎರಡು ಮೈಗೂ ಬಳಿದೆ. ಸ್ಟೀಲ್ ಸ್ಕ್ರೂ ಹಾಕಿ ಬಿಗಿದಾಗ ಸಂದಿಯುದ್ದಕ್ಕೂ ಪುಟ್ಟಿ ಹೊರಗೆ ಉಕ್ಕಿತು. ಉಕ್ಕಿದ್ದು ನೋಡಿ ಸ್ವಲ್ಪ ಸಮಾಧಾನವಾಯಿತು: ಒಳಗೆ ಟೊಳ್ಳಿಲ್ಲ, ಅಥವಾ ಕಡಿಮೆ.

ಟೊಪ್ಪಿಗೆಯ ಹೊರಮೈಯನ್ನು ಮುಷ್ಟಿಯಷ್ಟು ದುಂಡು ಮಾಡಿದೆ. ಉಳಿದ ಮೂಲೆಗಳಿಗಿಂತ ದೊಡ್ಡ ದುಂಡು. ಸ್ಕ್ರೂ ತಲೆಗಳನ್ನು ಪುಟ್ಟಿಯಿಂದ ಮುಚ್ಚಿ, ಉಜ್ಜಿ, ಕಣ್ಣು ಮುಚ್ಚಿ ಅಂಗೈ ಎಳೆದು ನೋಡಿದೆ. ಎಲ್ಲೂ ತಡೆಯಲಿಲ್ಲ. ನಂಬಿಕೆ ಸಾಲದೆ ಬೇರೆಡೆಗಿಂತ ಹೆಚ್ಚು ಪದರ ಹಾಕಿದೆ: ಹಾಸು, ಅದರ ಮೇಲೆ ನೇಯ್ದ ಗಾಜಿನ ಬಟ್ಟೆ, ಮತ್ತೆ ಹಾಸು. ಹಾಸು ಒದ್ದೆ ಬಟ್ಟೆ ಕೊಡದ ಮೇಲೆ ಕೂರುವಂತೆ ಕೂತಿತು. ಬೆಳಿಗ್ಗೆ ಗೆರೆ ಇರಲಿಲ್ಲ. ನಾಣ್ಯದಿಂದ ತಟ್ಟಿದೆ, ಗಟ್ಟಿ ಸದ್ದು. ಮಧ್ಯಾಹ್ನ ತಟ್ಟಿದೆ. ಸಂಜೆ ಬಣ್ಣ ಹಚ್ಚುವ ಮುಂಚೆ ಮತ್ತೆ ತಟ್ಟಿದೆ.

ಮಗುಚಿ ನೆಟ್ಟಗೆ ಇಟ್ಟಾಗ ದೋಣಿ ಒಂದು ಮಂಡಿ ಊದಿದ ಎತ್ತಿನ ಹಾಗೆ ಕಾಣುತ್ತಿತ್ತು. "ಚಂದಾಗೇ ಅದೆ ಬುಡು," ಎಂದರು ಆಚಾರಿ, ನನ್ನ ಕಡೆ ನೋಡದೆ.

ಅದನ್ನು ಟ್ರೇಲರಿಗೆ ಹೇರಿ ನಾನೂ ಜೊತೆಗೆ ಹೋದೆ. ವಾಲಿದರೆ ಏನು ಮಾಡುವುದು ಎಂಬ ಯೋಚನೆ ದಾರಿಯುದ್ದಕ್ಕೂ ಇತ್ತು.

ಊರು ತಲುಪುವಾಗ ಸೇತುವೆಯ ಮೇಲ್ಭಾಗದ ಕಲ್ಲು ಮಾತ್ರ ನೀರಿನಿಂದ ಹೊರಗೆ ಕಾಣುತ್ತಿತ್ತು. ಜನ ನಡೆದು ದಾಟುವುದು ಅವತ್ತೇ ನಿಂತಿತ್ತು. ಕೆಳಗಿನ ಊರಿನವನು ಬೆಳಿಗ್ಗೆ ಒಂದು ಸಲ ಜನರನ್ನು ದಾಟಿಸಿಯೂ ಆಗಿತ್ತು. ಅವನ ದೋಣಿ ಮೂತಿ ಚೂಪಾದದ್ದು, ಹೊಸದು, ನೋಡಲು ನಮ್ಮದಕ್ಕಿಂತ ಬಹಳ ಚಂದ. ಹಾಲಿನ ಕ್ಯಾನು, ಹುಲ್ಲು ತರುವ ಹಗ್ಗ, ಕುಡುಗೋಲು ಹಿಡಿದ ಜನ ದಡದಲ್ಲಿ ನಿಂತಿದ್ದರು. ಊರಿನ ಹಿರಿಯರೊಬ್ಬರು ಕಲ್ಲಿನ ಮೇಲೆ ಕೂತಿದ್ದರು.

"ಅಮ್ಮಣ್ಣಿ, ಇದೇನು ನಿನ್ನ ದೋಣಿಗೆ ಗಡ್ಡೆ ಎದ್ದದೆ?" ಎಂದು ಕೇಳಿದರು. ಜನ ನಕ್ಕರು.

ಒಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. ದೋಣಿಯನ್ನು ನೀರಿಗೆ ತಳ್ಳಿದೆವು. ವಾಲಲಿಲ್ಲ, ವಾಲಿದ್ದರೂ ಕಣ್ಣಿಗೆ ಕಾಣುವಷ್ಟಲ್ಲ. "ಮೊದ್ಲು ಬರೀ ದೋಣಿ ಓಗಿ ಬರ್ಲಿ," ಎಂದರು ಹಿರಿಯರು. "ನಾನೂ ಬರ್ತೀನಿ," ಎಂದು ಹತ್ತಿ ಹಿಂದಿನ ತುದಿಯಲ್ಲಿ ಕೂತೆ. ತೂತು ಬಿದ್ದರೆ ನಾನೂ ಒದ್ದೆಯಾಗುವುದು ನ್ಯಾಯ ಎನ್ನಿಸಿತು.

ಒಡತಿ ಮುಂದಿನ ತುದಿಯಲ್ಲಿ ನಿಂತು, ಹರಿಗೋಲಿನವರ ಹಾಗೆ ಹುಟ್ಟಿನಿಂದ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತ ಹೊರಟರು. ದಾಟುವುದು ಬಡಗಣ ದಡಕ್ಕೆ. ಆಚೆ ದಡದಲ್ಲಿ ಮಣ್ಣಿರಲಿಲ್ಲ. ಹಳೆಯ ಕಟ್ಟೆಯೊಂದರ ಚಪ್ಪಡಿ, ಅದರ ಬಲಕ್ಕೆ ನೀರಿನಿಂದ ಎದ್ದು ನಿಂತ ಬಂಡೆ. ಎರಡರ ನಡುವೆ ಒಂದು ಸಂದಿ. ಒಡತಿ ವೇಗ ಕಡಿಮೆ ಮಾಡದೆ ದೋಣಿಯ ಬಲಮೂಲೆಯನ್ನು ನೇರ ಆ ಸಂದಿಗೆ ಬಿಟ್ಟರು.

ದಡ್ ಎಂದಿತು.

ಮೂಲೆ ಸಂದಿಯಲ್ಲಿ ಕಚ್ಚಿಕೊಂಡು ಕೂತಿತು. ಹಗ್ಗ ಕಟ್ಟಲಿಲ್ಲ, ಯಾರೂ ಹಿಡಿಯಲಿಲ್ಲ. ದೋಣಿಯ ಚೌಕ ತುದಿ ಚಪ್ಪಡಿಗೆ ಅಂಟಿದ ಹಾಗೆ, ಅಲುಗದೆ ನಿಂತಿತು. ಕ್ಯಾನು ಹೊತ್ತವರು ಕಾಲು ಒದ್ದೆಯಾಗದೆ ಇಳಿಯಬಹುದು ಎಂದು ನನಗೆ ಹೊಳೆದದ್ದು ಆಗ. ನಾನು ಎದ್ದು ಹೋಗಿ ಮೂಲೆಯನ್ನು ಬಗ್ಗಿ ನೋಡಿದೆ. ಬಣ್ಣ ಒಂದಿಷ್ಟು ಕೆರೆದಿತ್ತು. ಕೆಳಗಿನ ಪದರ ಹಾಗೆಯೇ ಇತ್ತು. ಬೇಡದ ಜಾಗದಲ್ಲಿ ಹೆಚ್ಚು ಹಾಕಿದೆ ಎಂದು ನಾನು ಕೊರಗಿದ್ದ ಪದರಗಳೆಲ್ಲ ಆ ಕಲ್ಲು ತಾಗುವ ಜಾಗದಲ್ಲೇ ಇದ್ದವು.

ಮಾವ ಹೇಳಿದ್ದು ಈ ಸಂದಿಗೋಸ್ಕರವಾ? ಗಂಡ ಗರಗಸ ಹಾಕಿದ ವರ್ಷ ಮೂಲೆ ಇಲ್ಲಿ ಕೂರದೆ ಜಾರಿ, ದೋಣಿ ತಿರುಗಿ ಮೂಟೆ ಬಿದ್ದದ್ದಾ? ನಾನು ಹೆಬ್ಬೆರಳಷ್ಟು ದುಂಡು ಮಾಡಿದ್ದರೂ ಜಾರುತ್ತಿತ್ತೋ, ಏನೂ ಆಗುತ್ತಿರಲಿಲ್ಲವೋ? ಕೇಳುವವರು ಎದುರಿಗೇ ಇದ್ದರು.

"ಅಕ್ಕಾ, ಈ ಕಲ್ಲಿಗೆ ಕೂರ್ಲಿ ಅಂತಾನಾ ಈ ಮೂಲೆ ಮುಟ್ಬೇಡಿ ಅಂದಿದ್ದು?"

ಅವರು ಕಲ್ಲನ್ನು ನೋಡಿದರು, ನನ್ನನ್ನು ನೋಡಿದರು. ನಿಜಕ್ಕೂ ಅರ್ಥವಾಗಲಿಲ್ಲ ಎಂಬಂತೆ ಹುಬ್ಬು ಗಂಟಿಕ್ಕಿದರು.

"ಕಲ್ಲಾ? ಈಶಾನ್ಯ ಅಂತ ಏಳ್ನಲ್ಲಣ್ಣ."

ಊರಿನ ದಡದಿಂದ ಹಿರಿಯರು ಕೂಗಿದರು: "ಏನವ್ವಾ, ಒಳಕ್ಕೆ ನೀರು ಬತ್ತದಾ?"

ಒಡತಿ ತಳಕ್ಕೆ ಅಂಗೈ ಒತ್ತಿ, ಎತ್ತಿ ತೋರಿಸಿದರು. "ಒಣಗೇ ಅದೆ!"

ನಾವಿದ್ದ ದಡದಿಂದ ಕಂಡದ್ದು ಇಷ್ಟು: ಹಾಲಿನ ಕ್ಯಾನಿನ ಹೆಂಗಸೊಬ್ಬಳು ಚೂಪು ದೋಣಿಯ ಬಳಿಯಿಂದ ಎದ್ದು, ನಮ್ಮ ದೋಣಿ ಬಂದು ನಿಲ್ಲುವ ಜಾಗಕ್ಕೆ ಬಂದು ಕ್ಯಾನು ಇಳಿಸಿದಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಹಿರಿಯರು ಎದ್ದು ಕೆಳಗಿನ ಊರಿನವನ ಕಡೆ ಹೋಗಿ ಏನೋ ಹೇಳಿದರು. ಅವನು ಹಗ್ಗ ಬಿಚ್ಚತೊಡಗಿದ. ಏನು ಹೇಳಿದರೆಂದು ನನಗೆ ಕೇಳಿಸಲಿಲ್ಲ.

ದೋಣಿಯನ್ನು ಈಗ ತಿರುಗಿಸುತ್ತಾರೆ ಎಂದುಕೊಂಡು ನಾನು ಬಂದು ನನ್ನ ಜಾಗದಲ್ಲೇ ಕೂತೆ. ಅವರು ತಿರುಗಿಸಲಿಲ್ಲ. ಹುಟ್ಟು ಹೆಗಲಿಗೆ ಹಾಕಿಕೊಂಡು ದೋಣಿಯುದ್ದಕ್ಕೂ ನಡೆದು ನಾನು ಕೂತಿದ್ದ ತುದಿಗೆ ಬಂದು ನಿಂತರು.

"ಏಳಿ ಅಣ್ಣ. ಮುಂದ್ಗಡೆ ಯಾಕೆ ಕೂತಿದ್ದೀರಿ?"

"ನಾನು ಹಿಂದೆ ಅಲ್ವಾ ಕೂತಿರೋದು?"

"ಅತ್ಲಾಗೆ ಬರುವಾಗ ಹಿಂದೆ. ಈಗ ಇತ್ಲಾಗೆ ಓಯ್ತಾ ಇದ್ದೀವಿ. ಅವತ್ತೇ ಏಳ್ನಿಲ್ವಾ?"

ಎದ್ದೆ. ಅವರು ನನ್ನ ಜಾಗದಲ್ಲಿ ನಿಂತು ಹುಟ್ಟು ಹಾಕಿದರು. ಮೂಲೆ ಸಂದಿಯಿಂದ ಬಿಟ್ಟುಕೊಂಡಿತು. ಹೋದ ಹಾಗೆಯೇ, ಒಂದಿಷ್ಟೂ ತಿರುಗದೆ, ದೋಣಿ ಹಿಂದಕ್ಕೆ ಹೊರಟಿತು. ನಾನು ಆ ದಪ್ಪ ಮೂಲೆಗೆ ಬೆನ್ನು ಕೊಟ್ಟು ಕೂತೆ. ಅದು ಇನ್ನೂ ಈಶಾನ್ಯಕ್ಕೇ ಇತ್ತು.